ಬಿದಿರು ಹೊತ್ತ ಪದ

ಬೆನ್ (ಚೀನೀ, ಗುಣವಾಚಕ): ಪೆದ್ದ, ಮೊದ್ದು, ಒಡ್ಡೊಡ್ಡಾದ.

ಚೀನೀ ಕಲಿಯುವವರ ಕಿವಿಗೆ ಬಲುಬೇಗ ಬೀಳುವ ಪದವಿದು. ದನಿಯನ್ನು ಮೇಲಿಂದ ಥಟ್ಟನೆ ಇಳಿಸಿ ನುಡಿಯಬೇಕು. ಬರಹದಲ್ಲಿ ತಲೆಯ ಮೇಲೆ ಬಿದಿರಿನ ಗುರುತಿದೆ. ದಡ್ಡತನಕ್ಕೂ ಬಿದಿರಿಗೂ ಏನು ನಂಟು? ಕ್ರಿ.ಶ. 100ರ ಸುಮಾರಿಗೆ ಶು ಶೆನ್ ರಚಿಸಿದ 'ಶುವೊವೆನ್ ಜಿಯೆಝಿ' ನಿಘಂಟಿನಲ್ಲಿ ಇದರರ್ಥ ಬಿದಿರಿನ ಒಳಭಾಗ, ಅಷ್ಟೇ. ಪೆದ್ದತನ ಅಂಟಿಕೊಂಡದ್ದು ಆಮೇಲೆ.

ಈಗ ಮುಟ್ಟಿದ್ದನ್ನೆಲ್ಲ ಬೀಳಿಸುವವರು 'ಬೆನ್‌ಶೌ ಬೆನ್‌ಜಿಯಾವ್', ಮೊದ್ದು ಕೈ ಮೊದ್ದು ಕಾಲು; ಕದಲಿಸಲಾಗದ ಬೀರು 'ಬೆನ್‌ಜೋಂಗ್'; ಬೈಗುಳ 'ಬೆನ್‌ದಾನ್', ಪೆದ್ದ ಮೊಟ್ಟೆ. ಕ್ಯಾಂಟನೀಸಿನಲ್ಲಿ ಇದೇ 'ಬನ್'. ನನಗೆ ಬಹಳ ಹಿಡಿಸಿದ್ದು ಈಶಾನ್ಯ ಚೀನಾದ ಬಳಕೆ: ಅಲ್ಲಿ 'ಬೆನ್‌ಜಿ' ಎಂದರೆ ನಮ್ಮ ನಾಟಿಕೋಳಿ. ಅಲ್ಲಿನ ಮಾರುಕಟ್ಟೆಯಲ್ಲಿ 'ಬೆನ್' ಎಂಬುದು ಬೈಗುಳವಲ್ಲ, ಹೊಗಳಿಕೆ.