ಸಂತೆಯಲ್ಲಿ ಎಲ್ಲರಿಗೂ ನಿದ್ದೆ ಬಾರದು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಯಾವ ಚಿಂತೆಯೂ ಇಲ್ಲದೆ, ಸಣ್ಣ ಸದ್ದಿಗೇ ನಿದ್ದೆ ಕಳೆದುಕೊಳ್ಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಕಡಬ ತಾಲೂಕಿನ ರಾಮಕುಂಜದಂತಹ ಹಳ್ಳಿಯೂ ಇದಕ್ಕೆ ಹೊರತಲ್ಲ. ಅಡಿಕೆ ತೋಟಗಳ ನಡುವಿನ ಈ ಸೀಮೆಯಲ್ಲಿ ಮಳೆಗಾಲದ ರಾತ್ರಿ ಕಪ್ಪೆ, ಜೀರುಂಡೆಗಳದ್ದು. ಮಳೆ ಹಿಂದೆ ಸರಿದರೆ ಕೋಲ, ಜಾತ್ರೆ, ಯಕ್ಷಗಾನಗಳದ್ದು.

ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ನಿದ್ದೆಯಲ್ಲೂ ಕಿವಿ ತೆರೆದೇ ಇರುತ್ತದೆ. ಬಂದ ಸದ್ದು ಅಪಾಯದ್ದೋ ಅಲ್ಲವೋ ಎಂದು ಮಿದುಳು ಅಳೆಯುತ್ತಲೇ ಇರುತ್ತದೆ. ಒಂದೇ ಸಮನೆ ಸುರಿಯುವ ಮಳೆಯಲ್ಲಿ ಚೆನ್ನಾಗಿ ಮಲಗಿದವರು ನಾಯಿ ಒಮ್ಮೆ ಬೊಗಳಿದರೆ ಎದ್ದು ಕೂರುವುದು ಇದರಿಂದಲೇ.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ಸದ್ದಿಗೆಂದೇ ಒಂದು ಅಧ್ಯಾಯವಿದೆ. ಮುಂದೇನೋ ಆಗಲಿದೆ ಎಂಬ ನಿರೀಕ್ಷೆ ಹುಟ್ಟಿಸುವ ಸದ್ದು ಬರಿಯ ದೊಡ್ಡ ಸದ್ದಿಗಿಂತ ರೋಗಿಯನ್ನು ಹೆಚ್ಚು ದಣಿಸುತ್ತದೆ ಎಂಬುದು ಆಕೆಯ ಅನುಭವ. ಬಾಗಿಲಾಚೆಯ ಪಿಸುಮಾತನ್ನೂ ಆಕೆ ಈ ಸಾಲಿಗೇ ಸೇರಿಸಿದ್ದಳು.

ಈ ತೊಂದರೆ ಹೊಸತೇನಲ್ಲ. ಕ್ರಿ.ಪೂ. 1ನೇ ಶತಮಾನದ ರೋಮ್‌ನಲ್ಲಿ ಜೂಲಿಯಸ್ ಸೀಸರನ ಕಾಲದ ಶಾಸನವೊಂದು ಹಗಲು ಹೊತ್ತಿನ ಬಂಡಿ ಸಂಚಾರವನ್ನು ಬಹುಮಟ್ಟಿಗೆ ತಡೆಯಿತು. ಬೀದಿ ಹಗಲು ಹಗುರಾಯಿತು, ಗಾಲಿಗಳ ಗಡಗಡ ರಾತ್ರಿಗೆ ಬಿತ್ತು. ಹಣವಿದ್ದವರಿಗೆ ಮಾತ್ರ ಇಲ್ಲಿ ನಿದ್ದೆ ಎಂದು ಮುಂದೆ ಕವಿ ಜುವೆನಲ್ ದೂರಿದ.

ತುಳುನಾಡಿನಲ್ಲಿ ರಾತ್ರಿಯ ಸದ್ದಿಗೆ ಬೇರೆಯದೇ ಗೌರವ. ಆಟ ಇದೆ ಎಂದು ಊರಿಗೆ ಸಾರಲು ಸಂಜೆಯೇ ಕೇಳಿ ಬಾರಿಸುವ ವಾಡಿಕೆ ಇತ್ತು. ದೂರಕ್ಕೆ ಕೇಳಿಸುವುದೇ ಚೆಂಡೆಯ ಗುಣ. ಆದರೂ ಭಾಗವತರ ಕಂಠಕ್ಕೆ ಒಂದು ಎಲ್ಲೆ ಇತ್ತು. 1915ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ಮೊಳಗಿದ ಧ್ವನಿವರ್ಧಕ ಕ್ರಮೇಣ ನಮ್ಮ ರಂಗಸ್ಥಳಕ್ಕೂ ಬಂದಾಗ ಆ ಎಲ್ಲೆ ಅಳಿಸಿತು. ಆಟಕ್ಕೆ ಹೋಗದವರೂ ಬೆಳಗಿನವರೆಗೆ ಆಟ ಕೇಳಬೇಕಾಯಿತು.

ಕೇಂದ್ರ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ ಬಂತು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ನೆಮ್ಮದಿಯಿಂದ ಬದುಕುವ ಹಕ್ಕಿನಲ್ಲಿ ಸದ್ದಿನಿಂದ ಬಿಡುಗಡೆಯೂ ಸೇರಿದೆ ಎಂಬುದು ತೀರ್ಪಿನ ಸಾರ. 2022ರ ತಿರುಗಾಟಕ್ಕೆ ಕಟೀಲು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಹೊರಳಿದಾಗ, ಬೆಳಗಿನವರೆಗಿನ ಆಟವೇ ಹರಕೆಯ ಸೇವೆ ಎಂದು ಅನೇಕ ಭಕ್ತರು ವಾದಿಸಿದರು. ಒಬ್ಬರ ಸೇವೆ, ಇನ್ನೊಬ್ಬರ ನಿದ್ದೆ. ಎರಡೂ ಹಗುರವಾದ ಮಾತಲ್ಲ.

ಸದ್ದಿಗೆ ಬೆಚ್ಚುವವರು ಕಿವಿಗೆ ಹತ್ತಿ ಇಡುತ್ತಾರೆ, ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ಫ್ಯಾನಿನ ಸದ್ದು ಮಳೆಯಂತೆ ಒಂದೇ ಸಮ; ಬಿಟ್ಟು ಬಿಟ್ಟು ಬರುವ ಸಣ್ಣ ಸದ್ದುಗಳನ್ನು ಅದು ಮುಚ್ಚಿಬಿಡುತ್ತದೆ. ಆದರೆ ಎಲ್ಲ ಹೊಣೆಯೂ ಮಲಗುವವರ ಮೇಲೇ ಬೀಳಬೇಕಿಲ್ಲ. ಧ್ವನಿವರ್ಧಕದ ಬಾಯಿಯನ್ನು ಸಭೆಯ ಕಡೆಗಷ್ಟೇ ತಿರುಗಿಸಬಹುದು. ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ನೆರೆಮನೆಗೆ ಮೊದಲೇ ತಿಳಿಸಬಹುದು. ಹಿಂದಿನವರು ಸಂಜೆ ಕೇಳಿ ಬಾರಿಸಿ ಊರಿಗೆ ಮುನ್ಸೂಚನೆ ಕೊಡುತ್ತಿದ್ದರಲ್ಲವೇ? ಗೊತ್ತಿದ್ದು ಬರುವ ಸದ್ದು ಗೊತ್ತಿಲ್ಲದೆ ಬರುವ ಸದ್ದಿನಷ್ಟು ಕಾಡುವುದಿಲ್ಲ.