ಹೆದರಿಸುವ ಮುಖ, ತಿನ್ನುವ ಗೊಂಬೆ

ತೆಂಗಿನಕಾಯಿಯ ಜುಟ್ಟು ಕಿತ್ತು ನೋಡಿ. ಎರಡು ಕಣ್ಣು, ಒಂದು ಬಾಯಿ. ಹದಿನಾರನೇ ಶತಮಾನದ ಪೋರ್ಚುಗೀಸರಿಗೆ ಅದು ತಮ್ಮೂರಲ್ಲಿ ಮಕ್ಕಳನ್ನು ಹೆದರಿಸುವ ಗುಮ್ಮನ ಮೋರೆಯಂತೆ ಕಂಡಿತು. ಆ ಗುಮ್ಮನ ಹೆಸರು ಕೋಕೊ. ಕೋಕೊನಟ್ ಎಂಬ ಮಾತು ಹುಟ್ಟಿದ್ದು ಹಾಗೆ. ಅದೇ ಮೋರೆಯಲ್ಲಿ ನಮ್ಮವರು ಮುಕ್ಕಣ್ಣನನ್ನು ಕಂಡು ಕೈಮುಗಿದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಂತೂ ಇಂಥ ಸಾವಿರಾರು ತಲೆಗಳನ್ನು ಅಟ್ಟಕ್ಕೆ ತುಂಬಿ, ಅದರ ಕೆಳಗೇ ನೆಮ್ಮದಿಯಾಗಿ ನಿದ್ದೆ ಮಾಡುವ ಜನ.

ಈಗ ಅಕ್ಟೋಬರ್ ಕೊನೆಗೆ ಬೆಂಗಳೂರಿನ ಬೇಕರಿಗಳ ಗಾಜಿನ ಹಿಂದೆ ದೆವ್ವದ ಬಿಸ್ಕತ್ತು ಬಂದು ಕೂರುತ್ತದೆ. ಶುಂಠಿ, ಚಕ್ಕೆ, ಲವಂಗ, ಕಾಕಂಬಿ ಹಾಕಿ ಬೇಯಿಸಿದ ಜಿಂಜರ್‌ಬ್ರೆಡ್. ಅದರ ಮೇಲೆ ಬಿಳಿ ಸಕ್ಕರೆಯಲ್ಲಿ ಬರೆದ ಅಸ್ಥಿಪಂಜರ, ಬಾವಲಿ, ಮುರುಕು ಮನೆ. ಹ್ಯಾಲೋವೀನ್ ನಮ್ಮದಲ್ಲ, ಒಪ್ಪೋಣ. ಆದರೆ ಹಿಟ್ಟು ಬೆಲ್ಲ ಕಲಸಿ, ಆಕಾರ ಕೊಟ್ಟು, ಸಿಂಗರಿಸಿ, ಹಬ್ಬ ಮುಗಿದ ಮೇಲೆ ತಿನ್ನುವ ವಿದ್ಯೆ ಕಲ್ಪತರು ನಾಡಿಗೆ ಹೊಸದೇನಲ್ಲ.

ಅದರ ಒಂದು ಹಳೆಯ ರೂಪ ತಂಬಿಟ್ಟಿನ ಆರತಿ. ಅಕ್ಕಿ ನೆನೆಸಿ, ಆರಿಸಿ, ಹುರಿದು ಬೀಸಿದ ಹಿಟ್ಟು, ಬೆಲ್ಲದ ಪಾಕ, ಹುರಿಗಡಲೆ, ಏಲಕ್ಕಿ, ಕೈ ತುಂಬ ಕೊಬ್ಬರಿ ತುರಿ. ಪಾಕ ಎಳೆಯದಾದರೆ ಆರತಿ ದಾರಿಯಲ್ಲೇ ಕುಸಿಯುತ್ತದೆ, ಏರಿದರೆ ಮಾರನೆಯ ದಿನ ಕಲ್ಲು. ಬಿಸಿ ಆರುವ ಮೊದಲೇ ಅಂಗೈಗೆ ತುಪ್ಪ ಸವರಿ ಕಟ್ಟಬೇಕು, ಮೇಲೆ ಹೆಬ್ಬೆರಳಿನಿಂದ ಒತ್ತಿ ಬತ್ತಿಗೆ ಗುಳಿ ಮಾಡಬೇಕು. ಸುತ್ತ ಹೊಂಬಾಳೆ, ಕಣಗಿಲೆ, ಸೇವಂತಿಗೆ. ಜಾತ್ರೆಯ ದಿನ ಹೆಂಗಸರು ಅದನ್ನು ತಲೆಯ ಮೇಲೆ ಹೊತ್ತು ಊರಮ್ಮನ ಗುಡಿಗೆ ಸಾಲಾಗಿ ನಡೆಯುತ್ತಾರೆ. ಮರುದಿನ ಅದನ್ನು ಮುರಿದು ಹಂಚುವಾಗ ಬತ್ತಿಯ ಮಸಿ ಹತ್ತಿದ ತುಂಡಿಗೇ ಮಕ್ಕಳು ಜಗಳವಾಡುವುದು ಏಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನೂ ಆಡಿದ್ದೆ.

ಅದೇ ಮೆರವಣಿಗೆಯ ಮುಂದೆ ಸೋಮನ ಕುಣಿತ. ಬಣ್ಣ ಬಳಿದ ದೊಡ್ಡ ಮರದ ಮುಖವಾಡ, ಹೊರಚಾಚಿದ ಕಣ್ಣುಗುಡ್ಡೆ. ಅಮ್ಮನ ಕಾವಲಿನವನಾದ್ದರಿಂದ ಹೆದರಿಸುವುದು ಅವನ ಕೆಲಸ. ಅಂದರೆ ಸಿಹಿಯೂ ಭಯವೂ ಒಂದೇ ಬೀದಿಯಲ್ಲಿ ಹತ್ತು ಮಾರು ಅಂತರದಲ್ಲಿ ನಡೆದಿವೆ, ಆದರೆ ಬೆರೆತಿಲ್ಲ. ತಂಬಿಟ್ಟಿಗೆ ಯಾರೂ ಕೋರೆಹಲ್ಲು ಇಡಲಿಲ್ಲ. ಕೋರೆಹಲ್ಲು ಬರೆದದ್ದು ಬೂದುಗುಂಬಳಕ್ಕೆ. ಕಟ್ಟುವ ಮನೆಯ ಮುಂದೆ ಅದನ್ನು ತೂಗುಹಾಕಿದೆವು, ಆಯುಧಪೂಜೆಗೆ ಕುಂಕುಮ ತುಂಬಿ ರಸ್ತೆಗೆ ಒಡೆದೆವು. ಹೆದರಿಸುವ ಮುಖ ಒಡೆಯಲಿಕ್ಕೆ, ಚೆಂದದ ಗೊಂಬೆ ತಿನ್ನಲಿಕ್ಕೆ. ಮಹಾಲಯದಲ್ಲಿ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುವ ಮನೆಗಳಲ್ಲೂ ಎಲೆಯ ಮೇಲಿರುವುದು ಸತ್ತವರಿಗೆ ಇಷ್ಟವಾದ ಕಜ್ಜಾಯ, ವಡೆ. ಮೆಕ್ಸಿಕೋದವರು ಹ್ಯಾಲೋವೀನ್ ಬೆನ್ನಿಗೇ ಬರುವ ತಮ್ಮ ಹಿರಿಯರ ಹಬ್ಬಕ್ಕೆ ಸಕ್ಕರೆಯಲ್ಲಿ ತಲೆಬುರುಡೆ ಎರೆಯುತ್ತಾರೆ. ನಮ್ಮ ಅಜ್ಜಿಯರಿಗೆ ಅದನ್ನು ಹೇಳಿದರೆ ಬಾಯಿಗೆ ಸೆರಗು ಹಿಡಿದಾರು.

ಸಕ್ಕರೆ ಎರೆಯುವುದರಲ್ಲಿ ಮಾತ್ರ ನಮ್ಮ ಅಜ್ಜಿಯರು ಯಾರಿಗೂ ಕಡಿಮೆಯಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮರದ ಜೋಡಿ ಅಚ್ಚು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಯಬೇಕು. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು ಬಟ್ಟೆಯಲ್ಲಿ ಸೋಸಬೇಕು. ಒಮ್ಮೆಗೆ ಒಂದು ಸೌಟಿನಷ್ಟೇ ಕಾಯಿಸಿ, ಇಳಿಸಿ, ಬೆಳ್ಳಗಾಗುವವರೆಗೆ ತಿರುವಿ, ಕಟ್ಟಿದ ಅಚ್ಚಿಗೆ ಸುರಿಯಬೇಕು. ಕ್ಷಣ ತಡವಾದರೆ ಪಾತ್ರೆಯಲ್ಲೇ ಗಟ್ಟಿ. ನವಿಲು, ಆನೆ, ಮಂಟಪ, ತುಳಸಿಕಟ್ಟೆ ಹೊರಬರುತ್ತಿದ್ದವು. ಯುರೋಪಿನಲ್ಲೂ ಜಿಂಜರ್‌ಬ್ರೆಡ್ ಬೆಳೆದದ್ದು ಮರದ ಅಚ್ಚಿನಿಂದಲೇ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅದನ್ನು ಮಾಡುವವರದೇ ಸಂಘ 1643ರಲ್ಲಿ ಆಯಿತು. 1812ರಲ್ಲಿ ಗ್ರಿಮ್ ಸೋದರರ ಕತೆ ಬಂದ ಮೇಲೆ ಮಾಟಗಾತಿಯ ತಿನ್ನುವ ಮನೆ ಮನೆಮಾತಾಯಿತು. ಅಲ್ಲಿ ಸಿಹಿಗೂ ಭಯಕ್ಕೂ ಗಂಟು ಬಿದ್ದದ್ದು ಬಹುಶಃ ಈ ಕತೆಯಿಂದ.

ನಮ್ಮ ಸೀಮೆಯ ಸ್ವಂತ ಕುಸುರಿಯೆಂದರೆ ಕೊಬ್ಬರಿಯದು. ಕಾಯಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಒಣಗಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವಾಗ ಉಂಡೆ ಕೊಬ್ಬರಿ ಸಿದ್ಧ. ಅದರ ಕಂದು ಸಿಪ್ಪೆ ಹೆರೆದು, ಬಟ್ಟಲಾಗಿ ಸೀಳಿ, ಬ್ಲೇಡಿನ ಮೂಲೆಯಲ್ಲಿ ಜಾಲರಿ ಕೊರೆದು, ಅಂಚಿಗೆ ಎಸಳು ಬಿಡಿಸಿ, ಬಣ್ಣ ಹಚ್ಚಿ ಮದುವೆ, ಸೀಮಂತದ ತಟ್ಟೆಗೆ ಇಡುತ್ತಿದ್ದರು. ಕೊಬ್ಬರಿ ಎಣ್ಣೆ ಬಿಡುವ ಬಿಸಿಲಲ್ಲಿ ಬಣ್ಣ ಹಿಡಿಯದು, ತೀರ ಒಣಗಿದರೆ ಜಾಲರಿ ಚೂರಾಗುತ್ತದೆ. ಈಗ ಈ ಕೆಲಸ ಕಡಿಮೆಯಾಗಿದೆ. ಬೆಲೆಯೂ ಒಂದು ಕಾರಣವಿದ್ದೀತು: 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು; ಮರುವರ್ಷ ತಿಪಟೂರು ಮಾರುಕಟ್ಟೆಯಲ್ಲಿ ದರ 20,000 ದಾಟಿತು. ಆ ದರದಲ್ಲಿ ಜಾಲರಿ ಕೊರೆದು ಕಲಿಯಲು ಯಾರಿಗೆ ಧೈರ್ಯ?

ಇನ್ನು ಭಟ್ಟಿಯಲ್ಲಿ ಬೇಯುವ ಬಿಸ್ಕತ್ತು ನಮ್ಮಲ್ಲಿಗೆ ಬಂದದ್ದು ಪಕ್ಕದ ಹಾಸನ ಸೀಮೆಯ ಅಯ್ಯಂಗಾರ್ಯರ ಕೈಯಿಂದ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆಯಿತು; ಆ ಮಾದರಿ ಊರೂರಿಗೆ ಹಬ್ಬಿತು. ಮೊಟ್ಟೆಯಿಲ್ಲದ ಕೇಕು, ಖಾರದ ಬಿಸ್ಕತ್ತು, ಕೊಬ್ಬರಿ ತುಂಬಿದ ದಿಲ್‌ಪಸಂದ್. ರುಚಿಗೆ ಅಲ್ಲಿ ಕೊರತೆಯಿರಲಿಲ್ಲ, ಆಕಾರದ ಗೊಡವೆ ಇರಲಿಲ್ಲ. ಆಕಾರದ ಹುಚ್ಚು ಹಿಡಿಸಿದ್ದು 1970ರ ದಶಕದಲ್ಲಿ ಬೆಂಗಳೂರಿನ ನೀಲಗಿರೀಸ್ ಅಂಗಡಿಯವರು ಆರಂಭಿಸಿದ ವರ್ಷಾಂತ್ಯದ ಕೇಕ್ ಪ್ರದರ್ಶನ. ಸಕ್ಕರೆಯಲ್ಲೇ ಅರಮನೆ, ಗೋಪುರ ಎದ್ದವು. ಜನ ಟಿಕೆಟ್ ಕೊಂಡು ನೋಡಿದರು. ಇವತ್ತು ದೆವ್ವದ ಮನೆ ಕಟ್ಟುವ ಬೇಕರಿಯವರು ಆ ಜಾಡಿನಲ್ಲೇ ಇದ್ದಾರೆ, ತಮಗೆ ಗೊತ್ತಿರಲಿ ಇಲ್ಲದಿರಲಿ.

ಕಳೆದ ವರ್ಷ ತಂಗಿಯ ಮಗಳು ರಜೆಗೆಂದು ತುರುವೇಕೆರೆ ಕಡೆಯ ನಮ್ಮ ಮನೆಗೆ ಬಂದವಳು ಅಂಥದೊಂದು ಮನೆ ಕಟ್ಟಿದಳು. ಕಾಕಂಬಿ ಸಿಗದೆ ಬೆಲ್ಲ ಹಾಕಿದಳು, ಪುಡಿ ಶುಂಠಿಯನ್ನು ಅಜ್ಜಿ ಕಷಾಯದ ಡಬ್ಬಿಯಿಂದ ಕೊಟ್ಟರು. ಗೋಡೆ ಅಂಟಿಸಲು ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಕಡೆಯಬೇಕಂತೆ. ನಮ್ಮ ಅಡುಗೆಮನೆಗೆ ಮೊಟ್ಟೆ ಬಾರದು. ಸಕ್ಕರೆ ಅಚ್ಚಿನ ಪಾಕವೇ ಗಾರೆಯಾಯಿತು. ದೆವ್ವಕ್ಕೆ ಹೆರೆದ ಕೊಬ್ಬರಿಯ ತೆಳುಹಾಳೆ: ಅಂಚು ತಾನಾಗಿ ಸುರುಳಿ ಸುತ್ತಿ, ಗಾಳಿಗೆ ಹಾರುವ ಬಿಳಿಸೀರೆಯ ಹಾಗೆ ಕಂಡಿತು. ಕಣ್ಣಿಗೆ ಎರಡು ಲವಂಗ. ನಿಜಕ್ಕೂ ಒಂದಿಷ್ಟು ಭಯವಾಗುವಂತಿತ್ತು.

ಆದರೆ ತುಮಕೂರು ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ಜೋರುಮಳೆಯ ಕಾಲ. ರಾತ್ರಿ ಮಳೆ ಹೊಯ್ಯಿತು, ಬೆಲ್ಲ ಬೆವರಿತು, ಬೆಳಿಗ್ಗೆ ನೋಡಿದರೆ ಸೂರು ಕುಸಿದು ದೆವ್ವ ಅಂಗಾತ ಮಲಗಿತ್ತು. ಸಕ್ಕರೆ ಅಚ್ಚನ್ನು ಜನವರಿಯ ಒಣಚಳಿಗೇ ಯಾಕೆ ಇಟ್ಟುಕೊಂಡರೆಂದು ನನಗೆ ಹೊಳೆದದ್ದು ಆಗ. ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ಅಜ್ಜಿ ಬಗ್ಗಿ ನೋಡಿ ಕೇಳಿದರು: "ಇದನ್ನ ಮೂರು ದಾರಿ ಕೂಡೋ ಜಾಗದಲ್ಲಿ ಹಾಕಿ ಬರ್ಬೇಕೇನಮ್ಮ, ಇಲ್ಲ ತಿನ್ಬೋದಾ?"

"ತಿನ್ಬೋದಜ್ಜಿ."

ಅಜ್ಜಿ ಮೊದಲು ಎರಡು ಲವಂಗ ಕಿತ್ತು ಡಬ್ಬಿಗೆ ವಾಪಸು ಹಾಕಿದರು. ಆಮೇಲೆ ದೆವ್ವವನ್ನು ಬಾಯಿಗೆ ಹಾಕಿಕೊಂಡು, ಸೂರಿನ ಒಂದು ತುಂಡನ್ನು ಕಾಫಿಯಲ್ಲಿ ಅದ್ದಿದರು.