‘ಅನಿಮೇಶನ್’: ಪದದ ಚರಿತ್ರೆ ಮತ್ತು ತೊಗಲುಗೊಂಬೆಯಾಟ

‘ಅನಿಮೇಶನ್’ ಎಂಬ ಪದ ಇಂದು ಕನ್ನಡದಲ್ಲಿ ಬಹುಮಟ್ಟಿಗೆ ಚಲನಚಿತ್ರ ತಂತ್ರವೊಂದರ ಹೆಸರಾಗಿ ಬಳಕೆಯಲ್ಲಿದೆ. ಆದರೆ ಪದದ ಚರಿತ್ರೆ ಚಲನಚಿತ್ರಕ್ಕಿಂತ ಹಳೆಯದು. ಅದನ್ನು ಮರೆತು ಪದವನ್ನು ಬಳಸಿದಾಗ ನಮ್ಮ ತೊಗಲುಗೊಂಬೆಯಾಟದ ಸ್ವರೂಪವನ್ನು ಗ್ರಹಿಸುವಲ್ಲಿ ತೊಡಕುಂಟಾಗುತ್ತದೆ.

ಲ್ಯಾಟಿನ್ನಿನ ‘ಅನಿಮಾ’ ಎಂದರೆ ಉಸಿರು, ಜೀವ. ‘ಅನಿಮಾರೆ’ ಎಂದರೆ ಜೀವ ತುಂಬುವುದು. ಸಂಸ್ಕೃತದ ‘ಪ್ರಾಣ’, ‘ಅನಿಲ’ ಪದಗಳಲ್ಲಿರುವ, ಉಸಿರಾಡು ಎಂಬರ್ಥದ ‘ಅನ್’ ಧಾತುವಿಗೂ ಇದಕ್ಕೂ ಇಂಡೋ-ಯುರೋಪಿಯನ್ ಮೂಲದ ಜ್ಞಾತಿಸಂಬಂಧವಿದೆ. ರೆಪ್ಪೆ ಬಡಿಯದ ಎಂಬರ್ಥದ ‘ಅನಿಮೇಷ’ದೊಡನೆ ಇರುವುದು ಕೇವಲ ಧ್ವನಿಸಾಮ್ಯ. 1871ರಲ್ಲಿ ಇ. ಬಿ. ಟೈಲರ್ ಜಡವಸ್ತುಗಳಲ್ಲಿಯೂ ಚೇತನವನ್ನು ಕಾಣುವ ನಂಬಿಕೆಯನ್ನು ‘ಅನಿಮಿಸಂ’ ಎಂದು ಕರೆದುದು ಇದೇ ಮೂಲದಿಂದ.

ಚಿತ್ರಗಳಿಗೆ ಚಲನೆ ಕೊಡುವ ಪ್ರಯೋಗಗಳು ಬೇರೊಂದು ದಾರಿಯಲ್ಲಿ ಬೆಳೆದವು. ಎಮಿಲ್ ರೇನೊ 1892ರಲ್ಲಿ ಪ್ಯಾರಿಸ್ಸಿನಲ್ಲಿ, ಕೈಯಿಂದ ಬರೆದ ಚಿತ್ರಪಟ್ಟಿಗಳನ್ನು ತೆರೆಯ ಮೇಲೆ ಚಲಿಸುವಂತೆ ತೋರಿಸಿದನು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ‘ಅನಿಮೇಶನ್’ ಈ ಬಗೆಯ ಚಿತ್ರಗಳಿಗೆ ಅಂಟಿಕೊಂಡಿತು. ಲೊಟ್ಟೆ ರೈನಿಗರ್ ಅವರ 1926ರ ‘ಪ್ರಿನ್ಸ್ ಅಕ್ಮದ್’ ಚಿತ್ರದಲ್ಲಿ ಕತ್ತರಿಸಿದ ನೆರಳುಗೊಂಬೆಗಳನ್ನು ಒಂದಿಷ್ಟಿಷ್ಟೇ ಸರಿಸಿ, ಪ್ರತಿ ಸ್ಥಿತಿಯನ್ನೂ ಛಾಯಾಗ್ರಹಿಸಲಾಗಿದೆ.

ಈ ಹೋಲಿಕೆಯನ್ನು ಆಧರಿಸಿ ತೊಗಲುಗೊಂಬೆಯಾಟವನ್ನು ‘ಆದಿಮ ಅನಿಮೇಶನ್’ ಎಂದು ಕರೆಯುವುದುಂಟು. ತಾಂತ್ರಿಕವಾಗಿ ಇದು ಸರಿಯಲ್ಲ. ಅನಿಮೇಶನ್ ಚಿತ್ರದಲ್ಲಿ ಚಲನೆಯು ಸ್ಥಿರಚಿತ್ರಗಳ ಸರಣಿಯಿಂದ ಹುಟ್ಟುವ ಭ್ರಮೆ. ಗೊಂಬೆಯಾಟದಲ್ಲಿ ಅದು ಪ್ರೇಕ್ಷಕರೆದುರಿಗೆ ನಡೆಯುವ ನೈಜ ಚಲನೆ. ಅಲ್ಲದೆ ಕರ್ನಾಟಕದ ತೊಗಲುಗೊಂಬೆಗಳಲ್ಲಿ ಒಂದೇ ತೊಗಲಿನಲ್ಲಿ ಇಡೀ ದೃಶ್ಯವನ್ನೇ ಕಂಡರಿಸಿದ ಗೊಂಬೆಗಳೂ ಇವೆ. ಅಂತಹವುಗಳ ಕೈಕಾಲು ಆಡುವುದಿಲ್ಲ. ಪರದೆಯ ಹಿಂದಿನ ಶಿಳ್ಳೇಕ್ಯಾತ ಕಲಾವಿದರ ಹಾಡು, ಮಾತು, ದನಿಯ ಏರಿಳಿತಗಳೇ ಅವುಗಳಿಗೆ ಜೀವ ಕೊಡುತ್ತವೆ. ಅಂದರೆ ಉಸಿರು ಎಂಬ ಮೂಲಾರ್ಥವನ್ನು ಈ ಕಲೆ ಚಲನಚಿತ್ರಕ್ಕಿಂತಲೂ ನೇರವಾಗಿ ಉಳಿಸಿಕೊಂಡಿದೆ.

ಈ ವಿವೇಚನೆ ಕೇವಲ ಪದಜಿಜ್ಞಾಸೆಯಲ್ಲ. ಚಲನೆಯನ್ನೇ ಮಾನದಂಡವಾಗಿಸಿದರೆ ದಾಖಲೀಕರಣವು ಗೊಂಬೆಗಳ ಆಕಾರ, ಚಿತ್ರಗಳಿಗೆ ಸೀಮಿತಗೊಂಡು, ಹಾಡಿಕೆಯ ಪಠ್ಯ ಮತ್ತು ಮಟ್ಟುಗಳು ಹೊರಗುಳಿಯುತ್ತವೆ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದುದು ಕಲಾವಿದರಿಗೆ ಸಂದ ಮನ್ನಣೆ. ಗೊಂಬೆಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿಯಬಲ್ಲವು. ದನಿಯನ್ನು ಆಡಿಸುವವರಿರುವಾಗಲೇ ದಾಖಲಿಸಬೇಕು. ಜಾನಪದ ಸಂಶೋಧನೆ ಮೊದಲ ಆದ್ಯತೆಯನ್ನು ಈ ಕೆಲಸಕ್ಕೆ ನೀಡುವುದು ಅವಶ್ಯ.